ಬಿಟ್ಟ ಕುಂಚ, ಉಳಿದ ಋಣ

ಮನುಷ್ಯನು ಬೆಳೆಯುವುದೆಂದರೆ ಕೆಲವನ್ನು ಪಡೆಯುವುದು, ಕೆಲವನ್ನು ಬಿಡುವುದು. ಪಡೆದುದರ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ಓದಿ ಗಳಿಸಿದ ಪದವಿ, ಹಿಡಿದ ಉದ್ಯೋಗ, ಕಟ್ಟಿಸಿದ ಮನೆ, ದಡ ಮುಟ್ಟಿಸಿದ ಮಕ್ಕಳು, ಇವುಗಳನ್ನು ಬೆರಳು ಮಡಚಿ ಎಣಿಸಬಹುದು. ಬಿಟ್ಟುದರ ಲೆಕ್ಕವನ್ನು ಇಟ್ಟವರು ವಿರಳ. ಬಿಟ್ಟವುಗಳಲ್ಲಿ ಕೆಲವು ಬಿಡಲೇಬೇಕಾಗಿದ್ದವು. ಅವುಗಳನ್ನು ಕುರಿತು ಚಿಂತಿಸಬೇಕಾಗಿಲ್ಲ. ಆದರೆ ಬಿಡಬೇಕಾದ ಕಾರಣವೇ ಇಲ್ಲದಿದ್ದರೂ ಯಾರೋ ಬಿಡಿಸಿದ, ಅಥವಾ ನಾವೇ ನಾಚಿ ಬಿಟ್ಟ ಕೆಲವು ಒಲವುಗಳೂ ಉಂಟು. ಅಂಥದೊಂದು ಒಲವು ಮುಪ್ಪಿನ ಹೊಸ್ತಿಲಲ್ಲಿ ಮರಳಿ ಬಂದು ನಿಂತರೆ ಅದನ್ನು ಒಳಗೆ ಕರೆಯಬೇಕೆ, ಬೇಡವೆ? ಮೇಲ್ನೋಟಕ್ಕೆ ಇದು ಅಲ್ಪವಾದ ಪ್ರಶ್ನೆ. ಆದರೆ ಇದರ ಬೇರು ಧರ್ಮಾಧರ್ಮಗಳ ವಿವೇಚನೆಯವರೆಗೂ ಇಳಿದಿದೆ ಎಂಬುದನ್ನು ವಾಚಕರು ಮುಂದೆ ಕಾಣುವರು.

ಕಳೆದ ಶ್ರಾವಣಮಾಸದ ಒಂದು ಸಂಜೆ ಶ್ರೀಮಠಕ್ಕೆ ಬಂದ ಹಿರಿಯರೊಬ್ಬರು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟರು. ಅವರು ಶ್ರೀಮಠದ ಪ್ರಸಾದನಿಲಯದಲ್ಲಿದ್ದು ಓದಿದವರು. ಮೂವತ್ತು ವರ್ಷಗಳಿಗೂ ಮೀರಿ ಪ್ರೌಢಶಾಲೆಯಲ್ಲಿ ಗಣಿತವನ್ನು ಕಲಿಸಿ ನಿವೃತ್ತರಾದವರು. ಪ್ರವಚನ ಮುಗಿದು ಭಕ್ತರು ಪ್ರಸಾದಕ್ಕೆ ಎದ್ದುಹೋದ ಮೇಲೆ, ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ಕಾಗದಗಳನ್ನು ಕೈಚೀಲದಿಂದ ತೆಗೆದು ಅಳುಕುತ್ತ ನಮ್ಮ ಮುಂದಿರಿಸಿದರು. ಎಲ್ಲವೂ ಬಣ್ಣದ ಚಿತ್ರಗಳು. ಎತ್ತುಗಳು, ಬಾವಿಯ ಗಡಗಡೆ, ಬೇವಿನ ಗಿಡ, ಕಣದಲ್ಲಿ ಜೋಳ ತೂರುವ ಹೆಂಗಸರು. ರೇಖೆಗಳು ಅಲ್ಲಲ್ಲಿ ನಡುಗಿದ್ದವು. "ಅಪ್ಪಾರ, ಈ ವಯಸ್ಸಿನ್ಯಾಗ ಇದು ಹುಚ್ಚೋ, ಪಾಪೋ, ಒಂದೂ ತಿಳೀವಲ್ದು. ನೀವ ಹೇಳಬೇಕ್ರಿ" ಎಂದರು.

ಅವರು ಹೇಳಿದ ವೃತ್ತಾಂತವಿದು. ಅವರ ತಂದೆ ಪಾಲಿಗೆ ಹೊಲ ಮಾಡುತ್ತಿದ್ದ ಬಡ ರೈತರು. ಒಂದು ಕಾರಹುಣ್ಣಿಮೆಯಂದು ಎತ್ತಿನ ಕೊಂಬಿಗೆ ಬಳಿದು ಉಳಿದ ಹುರಮಂಜನ್ನು ಎಂಟು ವರ್ಷದ ಈ ಹುಡುಗ ಒಡೆದ ಗಡಿಗೆಯ ಬೋಕಿಯಲ್ಲಿ ಬಚ್ಚಿಟ್ಟುಕೊಂಡ. ಬೇವಿನ ಕಡ್ಡಿಯ ತುದಿಯನ್ನು ಜಜ್ಜಿ ಕುಂಚ ಮಾಡಿಕೊಂಡ. ಸುಣ್ಣ ಬಳಿದ ಗೋಡೆಯ ಮೇಲೆ ಜೋಡೆತ್ತುಗಳನ್ನು ಬರೆದ. ಹೊಲದಿಂದ ಬಂದ ತಂದೆ ಅದನ್ನು ನೋಡಿ ಎರಡೇಟು ಹೊಡೆದು, ಆ ಗೋಡೆಗೆ ಅಂದೇ ಸಗಣಿ ಬಳಿಸಿದರು. ಸಾಲ ತೀರಿಸುವುದಕ್ಕಾಗಿ ಆ ವರ್ಷವೇ ಅವರು ಒಂದು ಎತ್ತನ್ನು ಮಾರಿದ್ದರು. ಕೊಟ್ಟಿಗೆಯಲ್ಲಿ ಒಂಟಿ ಎತ್ತು, ಗೋಡೆಯ ಮೇಲೆ ಜೋಡೆತ್ತು. ತಂದೆಗೆ ಸಿಟ್ಟು ಬಂದುದು ಚಿತ್ರದ ಮೇಲಲ್ಲ ಎಂಬುದು ಮಗನಿಗೆ ತಿಳಿಯಲು ಐವತ್ತು ವರ್ಷಗಳು ಬೇಕಾದವು. ಅಂದಿನಿಂದ ಆತ ಕುಂಚವನ್ನು ಮುಟ್ಟಲಿಲ್ಲ. ಓದಿದ, ಗಣಿತದಲ್ಲಿ ಮುಂದಾದ, ಶಿಕ್ಷಕನಾದ.

ನಿವೃತ್ತಿಯ ಮರುವರ್ಷ ಬೇಸಿಗೆಯ ರಜೆಗೆ ಬಂದಿದ್ದ ಮೊಮ್ಮಗ ತನ್ನ ಬಣ್ಣದ ಡಬ್ಬಿಯನ್ನು ಮರೆತು ಹೋದ. ಅದನ್ನು ಎತ್ತಿಡಲು ಹೋದವರು ಒಣಗಿದ ಕೆಂಪು ಬಿಲ್ಲೆಯ ಮೇಲೆ ನೀರಿನ ಬೆರಳನ್ನು ಇಟ್ಟರು. ಬೆರಳಿಗೆ ಬಣ್ಣ ಹತ್ತಿತು. ಅಷ್ಟೆ. ಅಂದಿನಿಂದ ಬೆಳಗಿನ ಲಿಂಗಪೂಜೆ ಮುಗಿದೊಡನೆ ಕುಂಚ ಹಿಡಿದು ಕುಳಿತರೆ ಹೊತ್ತು ಹೋದುದೇ ತಿಳಿಯದು. ಮನೆಯವರು ನಕ್ಕರು, ಸರಿಕರು ಈ ಹೊತ್ತನ್ನು ಪಾರಾಯಣಕ್ಕೆ ಕೊಡಬಾರದೇ ಎಂದರು. ಅದನ್ನೆಲ್ಲ ಅವರು ಸಹಿಸಿಕೊಂಡರು. ಸಹಿಸಲಾಗದ್ದು ಬೇರೊಂದಿತ್ತು.

ಅವರ ಸೇವೆಯ ಮೊದಲ ವರ್ಷಗಳಲ್ಲಿ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬೀಜಗಣಿತದ ವಹಿಯ ಅಂಚಿನಲ್ಲೆಲ್ಲ ಚಿತ್ರ ಬರೆಯುತ್ತಿದ್ದ. ಒಂದು ದಿನ ಇವರದೇ ಚಿತ್ರವನ್ನು ಬರೆದ. ಇವರು ಆ ಹಾಳೆಗಳನ್ನು ಇಡೀ ತರಗತಿಯ ಮುಂದೆ ಹರಿದು, ಹುಡುಗನನ್ನು ವಾರಕಾಲ ಹೊರಗೆ ನಿಲ್ಲಿಸಿದರು. ಮರುವರ್ಷ ಆತ ಶಾಲೆಗೆ ಬರಲಿಲ್ಲ. ಬಾರದಿರಲು ಬಡತನವೂ ಕಾರಣವಿದ್ದೀತು. ಆದರೆ ಈಗ ಕುಂಚ ಹಿಡಿದಾಗಲೆಲ್ಲ ಆ ಮುಖ ಕಣ್ಣ ಮುಂದೆ ಬರುತ್ತದೆ. "ನನ್ನ ಕೈಯಿಂದ ಕಸಿದುಕೊಂಡದ್ದನ್ನು ನಾನು ಇನ್ನೊಬ್ಬನ ಕೈಯಿಂದ ಕಸಿದುಕೊಂಡೆ. ಈ ಸಂತೋಷ ಪಡುವ ಅಧಿಕಾರ ನನಗುಂಟೆ?" ಇದು ಅವರ ನಿಜವಾದ ಪ್ರಶ್ನೆ.

ನಾವು ಆ ಕೂಡಲೇ ಉತ್ತರ ಕೊಡಲಿಲ್ಲ. ಕೊಡುವ ಧೈರ್ಯವೂ ಇರಲಿಲ್ಲ. ಅದರ ಕಾರಣವನ್ನು ಕೊನೆಗೆ ಹೇಳುವೆವು. ಪ್ರಶ್ನೆಯನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಶಂಕೆಗಳು ಅಡಗಿವೆ. ಬಾಲ್ಯದ ಒಲವಿಗೆ ಮರಳುವುದು ಹಿಂದಕ್ಕೆ ಹೋಗುವುದಲ್ಲವೆ ಎಂಬುದು ಮೊದಲನೆಯದು. ಅದು ಅಡಗಿದ್ದ ವಾಸನೆಯು ತಲೆಯೆತ್ತಿದುದಲ್ಲವೆ ಎಂಬುದು ಎರಡನೆಯದು. ಯಾರಿಗೂ ಉಪಯೋಗವಿಲ್ಲದ ಈ ಕೆಲಸಕ್ಕೆ ಕಾಯಕದಲ್ಲಿ ಸ್ಥಾನವೆಲ್ಲಿ ಎಂಬುದು ಮೂರನೆಯದು. ಇವು ಬಗೆಹರಿದ ಮೇಲೆ ಅಧಿಕಾರದ ಪ್ರಶ್ನೆಯನ್ನು ಎತ್ತಿಕೊಳ್ಳಬಹುದು.

ಮೊದಲ ಶಂಕೆಗೆ ಒಂದು ಜೀವನವೃತ್ತಾಂತವೇ ಉತ್ತರವಾಗಬಲ್ಲದು. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಹಳ್ಳಿಯೊಂದರಲ್ಲಿ 1860ರಲ್ಲಿ ಅನ್ನಾ ಮೇರಿ ರಾಬರ್ಟ್‌ಸನ್ ಎಂಬ ಹೆಣ್ಣುಮಗಳು ಹುಟ್ಟಿದಳು. ತಂದೆ ಮಕ್ಕಳಿಗೆ ಚಿತ್ರ ಬರೆಯಲು ಅಗ್ಗದ ಬಿಳಿಯ ಕಾಗದವನ್ನು ತಂದುಕೊಡುತ್ತಿದ್ದ. ಬಣ್ಣ ಕೊಳ್ಳುವ ಅನುಕೂಲವಿರಲಿಲ್ಲ. ದ್ರಾಕ್ಷಿಯ ಮತ್ತು ಕಾಡುಹಣ್ಣುಗಳ ರಸವೇ ಬಣ್ಣ. ಹನ್ನೆರಡನೆಯ ವರ್ಷಕ್ಕೆ ಆಕೆ ಇನ್ನೊಬ್ಬರ ಮನೆಗೆ ದುಡಿಯಲು ಹೋದಳು. 1887ರಲ್ಲಿ ಥಾಮಸ್ ಮೋಸಸ್ ಎಂಬ ಕೃಷಿಕನನ್ನು ಮದುವೆಯಾದಳು. ಹತ್ತು ಮಕ್ಕಳನ್ನು ಹೆತ್ತಳು; ಅವರಲ್ಲಿ ಐವರು ಶೈಶವದಲ್ಲಿಯೇ ತೀರಿಕೊಂಡರು. ಬೆಣ್ಣೆ ಕಡೆದಳು, ಹೊಲಮನೆಯನ್ನು ನಡೆಸಿದಳು. 1927ರಲ್ಲಿ ಪತಿ ಮರಣ ಹೊಂದಿದನು. ಉಣ್ಣೆಯ ದಾರದಿಂದ ಬಟ್ಟೆಯ ಮೇಲೆ ಚಿತ್ರ ಹೊಲಿಯುತ್ತಿದ್ದಳು. ಸಂಧಿವಾತದಿಂದ ಬೆರಳುಗಳು ಸೂಜಿ ಹಿಡಿಯಲಾರದಾದಾಗ ತಂಗಿಯ ಸಲಹೆಯಂತೆ ಕುಂಚ ಹಿಡಿದಳು. ಆಗ ವಯಸ್ಸು ಎಪ್ಪತ್ತೈದನ್ನು ದಾಟಿತ್ತು. ಜಾತ್ರೆಯ ಪ್ರದರ್ಶನವೊಂದಕ್ಕೆ ತಾನು ಮಾಡಿದ ಹಣ್ಣಿನ ಪಾಕಗಳೊಡನೆ ಕೆಲವು ಚಿತ್ರಗಳನ್ನೂ ಕಳಿಸಿದಳು. ಪಾಕಗಳಿಗೆ ಬಹುಮಾನ ಬಂತು, ಚಿತ್ರಗಳಿಗೆ ಬರಲಿಲ್ಲ. 1938ರಲ್ಲಿ ಔಷಧದ ಅಂಗಡಿಯ ಕಿಟಕಿಯಲ್ಲಿದ್ದ ಆಕೆಯ ಚಿತ್ರಗಳನ್ನು ದಾರಿಹೋಕನೊಬ್ಬ ಕಂಡು ಕೊಂಡುಕೊಂಡ. 1940ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆಕೆಯ ಚಿತ್ರಗಳ ಪ್ರದರ್ಶನವಾಯಿತು. ಗ್ರ್ಯಾಂಡ್‌ಮಾ ಮೋಸಸ್, ಎಂದರೆ ಮೋಸಸ್ ಅಜ್ಜಿ, ಎಂದೇ ಪ್ರಖ್ಯಾತಳಾಗಿ, ಸಾವಿರದ ಐನೂರಕ್ಕೂ ಹೆಚ್ಚು ಚಿತ್ರಗಳನ್ನು ಬರೆದು, 1961ರಲ್ಲಿ ನೂರೊಂದನೆಯ ವಯಸ್ಸಿನಲ್ಲಿ ಕಣ್ಣುಮುಚ್ಚಿದಳು.

ಈ ಕಥೆಯಲ್ಲಿ ಕೀರ್ತಿ ಬಂದುದು ಮುಖ್ಯವಲ್ಲ. ಕೀರ್ತಿ ಆಕಸ್ಮಿಕ, ಔಷಧದ ಅಂಗಡಿಯ ಮುಂದೆ ಆ ದಾರಿಹೋಕನು ಹಾದುಹೋಗದಿದ್ದರೆ ಅದೂ ಇಲ್ಲ. ಗಮನಿಸಬೇಕಾದುದು ಇದು. ಹಣ್ಣಿನ ರಸದಿಂದ ಚಿತ್ರ ಬರೆದ ಹುಡುಗಿ ಅರವತ್ತು ವರ್ಷಗಳ ಕಾಲ ಕಾಣೆಯಾಗಿದ್ದಳೆಂದು ತೋರುವುದು. ಆದರೆ ಆಕೆ ಕಾಣೆಯಾಗಿರಲಿಲ್ಲ. ಮುಪ್ಪಿನಲ್ಲಿ ಆಕೆ ಬರೆದುದಾದರೂ ಏನನ್ನು? ಹಿಮ ಬಿದ್ದ ಹೊಲ, ಸಕ್ಕರೆ ಕಾಸುವ ಬಯಲು, ಸುಗ್ಗಿ, ಮದುವೆ, ಮನೆ ಬದಲಿಸುವ ದಿನದ ಗದ್ದಲ. ಎಂದರೆ ದುಡಿದ ಅರವತ್ತು ವರ್ಷಗಳೇ ಚಿತ್ರಗಳ ಒಡಲಾದವು. ಹನ್ನೆರಡನೆಯ ವಯಸ್ಸಿನಲ್ಲಿ ಆಕೆಗೆ ಬಣ್ಣವಿತ್ತು, ಬರೆಯಬೇಕಾದ ಬದುಕು ಇರಲಿಲ್ಲ. ಆದುದರಿಂದ ಆಕೆ ಬಾಲ್ಯಕ್ಕೆ ಹಿಂದಿರುಗಿದಳೆನ್ನುವುದಕ್ಕಿಂತ ಬಾಲ್ಯದ ಕೈಗೆ ಬದುಕನ್ನು ಒಪ್ಪಿಸಿದಳೆನ್ನುವುದು ಸರಿ. ಬಾಲಿಶತೆ ಬೇರೆ, ಬಾಲಭಾವ ಬೇರೆ. ಹೊಣೆಯನ್ನು ತಪ್ಪಿಸಿಕೊಳ್ಳಲು ಮಗುವಾಗುವುದು ಬಾಲಿಶತೆ. ಹೊಣೆಯನ್ನು ಹೊತ್ತು ಮುಗಿಸಿದ ಮೇಲೂ ಮಗುವಿನ ಬೆರಗನ್ನು ಉಳಿಸಿಕೊಳ್ಳುವುದು ಬಾಲಭಾವ. ಮೊದಲನೆಯದು ಹಿನ್ನಡೆ, ಎರಡನೆಯದು ಹಣ್ಣಾಗುವಿಕೆ.

ಇನ್ನು ಎರಡನೆಯ ಶಂಕೆ. ಬಹುಕಾಲ ಅದುಮಿಟ್ಟ ಆಸೆಯು ತಡೆ ಸಡಿಲಿದೊಡನೆ ಮೇಲೇಳುವುದನ್ನು ಶಾಸ್ತ್ರಕಾರರು ವಾಸನೆಯೆನ್ನುತ್ತಾರೆ. ನಿವೃತ್ತರಾದ ಮೇಲೆ ಜೂಜಿಗೂ ತಿಂಡಿಪೋತತನಕ್ಕೂ ಮರುಳಾದವರುಂಟು. ಅವರೂ ಹಳೆಯ ಒಲವಿಗೇ ಮರಳಿದೆವೆನ್ನಬಹುದು. ಹಾಗಾದರೆ ಚಿತ್ರದ ಒಲವನ್ನು ಬೇರೆಯೆನ್ನಲು ಆಧಾರವೇನು? ನಾವು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದಾಗ ಜರ್ಮನಿಯ ಕಾಂಟ್ ಮಹಾಶಯನ 1790ರ ಗ್ರಂಥವು ಪಠ್ಯವಾಗಿತ್ತು. ಸೌಂದರ್ಯದಿಂದ ದೊರೆಯುವ ಸಂತೋಷದಲ್ಲಿ ಆ ವಸ್ತು ತನಗೆ ಬೇಕೆಂಬ ಹಂಬಲವಿರುವುದಿಲ್ಲ ಎಂಬುದು ಆತನ ವಾದದ ತಿರುಳು. ಮಾವಿನ ಹಣ್ಣನ್ನು ತಿನ್ನಬೇಕೆಂದು ನೋಡುವ ಕಣ್ಣಿಗೂ, ಅದರ ಕೆಂಪು ಹಳದಿಯೊಳಗೆ ಎಲ್ಲಿ ಕರಗುತ್ತದೆಂದು ನೋಡುವ ಕಣ್ಣಿಗೂ ಭೇದವಿದೆ. ಮೊದಲ ಕಣ್ಣು ಹಣ್ಣನ್ನು ತನ್ನೆಡೆಗೆ ಎಳೆಯುತ್ತದೆ. ಎರಡನೆಯ ಕಣ್ಣು ತಾನೇ ಹಣ್ಣಿನೆಡೆಗೆ ಹೋಗುತ್ತದೆ. ವಾಸನೆಯ ಲಕ್ಷಣ ಎಳೆದುಕೊಳ್ಳುವುದು. ಒಲವಿನ ಲಕ್ಷಣ ತನ್ನನ್ನು ಮರೆಯುವುದು.

ಆದರೆ ಇದರಿಂದ ಶಂಕೆ ಪೂರ್ತಿಯಾಗಿ ತೊಲಗದು. ಚಿತ್ರ ಬರೆಯುವವನಲ್ಲೂ "ನಾನು ಬರೆದೆ" ಎಂಬ ಹೆಮ್ಮೆ ಹುಟ್ಟಬಹುದು. ಹುಟ್ಟಿದರೆ ಅದೂ ವಾಸನೆಯೇ. ಆದುದರಿಂದ ಒರೆಗಲ್ಲು ಕೆಲಸದಲ್ಲಿಲ್ಲ, ಕೆಲಸವು ಮನುಷ್ಯನನ್ನು ಏನು ಮಾಡುತ್ತದೆಂಬುದರಲ್ಲಿದೆ. ಕುಂಚ ಹಿಡಿದ ಮೇಲೆ ಈತನ ಕಣ್ಣಿಗೆ ಇತರರು ಹೆಚ್ಚಾಗಿ ಕಾಣುತ್ತಾರೆಯೋ, ಕಡಿಮೆಯಾಗಿ ಕಾಣುತ್ತಾರೆಯೋ? ಮಾಸ್ತರರ ವಿಷಯದಲ್ಲಿ ಇದಕ್ಕೆ ಉತ್ತರ ಸ್ಪಷ್ಟವಾಗಿತ್ತು. ಮೂವತ್ತು ವರ್ಷ ಮರೆತುಹೋಗಿದ್ದ ಹುಡುಗನ ಮುಖವು ಅವರಿಗೆ ಕಂಡುದು ಕುಂಚ ಹಿಡಿದ ಮೇಲೆ. ತಂದೆಯ ಸಿಟ್ಟಿನ ಒಳಗಿದ್ದ ದುಃಖವು ತಿಳಿದುದೂ ಜೋಡೆತ್ತನ್ನು ಮತ್ತೆ ಬರೆಯುವಾಗ. ಯಾವ ಸಂತೋಷವು ಮನುಷ್ಯನಿಗೆ ತನ್ನ ತಪ್ಪನ್ನು ತೋರಿಸಿಕೊಡುವುದೋ ಅದನ್ನು ಭೋಗವೆನ್ನುವುದು ಹೇಗೆ?

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೊಂದನ್ನು ಚಾರ್ಲ್ಸ್ ಡಾರ್ವಿನ್ ತನ್ನ ಬದುಕಿನಿಂದಲೇ ಕೊಟ್ಟಿದ್ದಾನೆ. 1876ರಲ್ಲಿ ತನ್ನ ಮಕ್ಕಳಿಗಾಗಿ ಬರೆಯಲಾರಂಭಿಸಿದ ಆತ್ಮಕಥೆಯಲ್ಲಿ ಆ ಮಹಾವಿಜ್ಞಾನಿಯು ಒಂದು ನಷ್ಟವನ್ನು ಬಿಚ್ಚುಮನಸ್ಸಿನಿಂದ ತೋಡಿಕೊಂಡಿದ್ದಾನೆ. ಎಳೆಯ ವಯಸ್ಸಿನಲ್ಲಿ ಕಾವ್ಯವೂ ಚಿತ್ರವೂ ಸಂಗೀತವೂ ಆತನಿಗೆ ಪ್ರಿಯವಾಗಿದ್ದವು. ಮುಪ್ಪಿನಲ್ಲಿ ಅವುಗಳ ರುಚಿಯೇ ಹೋಗಿಬಿಟ್ಟಿತ್ತು. ಮತ್ತೊಮ್ಮೆ ಬದುಕುವ ಅವಕಾಶ ದೊರೆತರೆ ವಾರಕ್ಕೊಮ್ಮೆಯಾದರೂ ಕಾವ್ಯವನ್ನು ಓದಿ ಸಂಗೀತವನ್ನು ಕೇಳುವ ನಿಯಮವಿಟ್ಟುಕೊಳ್ಳುತ್ತಿದ್ದೆನೆಂದೂ, ಈ ರುಚಿಗಳ ನಷ್ಟವು ಸುಖದ ನಷ್ಟವಷ್ಟೇ ಅಲ್ಲ, ಬುದ್ಧಿಗೂ, ಅದಕ್ಕಿಂತ ಹೆಚ್ಚಾಗಿ ನೈತಿಕ ಸ್ವಭಾವಕ್ಕೂ ಹಾನಿಯಾಗಿರಬಹುದೆಂದೂ ಆತ ಶಂಕಿಸುತ್ತಾನೆ. ಜೀವರಾಶಿಯ ಮೂಲವನ್ನು ಶೋಧಿಸಿದ ಮಹನೀಯನು ತನ್ನ ದೊಡ್ಡ ಸಾಧನೆಯ ಪಕ್ಕದಲ್ಲಿಯೇ ಈ ನಷ್ಟವನ್ನೂ ಬರೆದಿಟ್ಟನೆಂಬುದು ನಾವೆಲ್ಲ ಚಿಂತಿಸತಕ್ಕ ಸಂಗತಿ. ಬಿಟ್ಟ ಒಲವು ಯಾವಾಗಲೂ ಕಾದು ಕುಳಿತಿರುವುದಿಲ್ಲ. ಕೆಲವೊಮ್ಮೆ ಅದು ಬತ್ತಿಹೋಗುತ್ತದೆ. ಮರಳಿ ಬಂದರೆ ಅದನ್ನು ಭಾಗ್ಯವೆನ್ನಬೇಕು.

ಮೂರನೆಯ ಶಂಕೆಯು ನಮ್ಮವರಿಗೆ ಹೆಚ್ಚು ಹತ್ತಿರದ್ದು. ಕಾಯಕವೆಂದರೆ ದುಡಿಮೆ; ದುಡಿಮೆಯ ಫಲವು ದಾಸೋಹಕ್ಕೆ ಸಲ್ಲಬೇಕು. ನಿವೃತ್ತ ಶಿಕ್ಷಕನ ನಡುಗುವ ರೇಖೆಗಳಿಂದ ಯಾರ ಹಸಿವು ಹಿಂಗೀತು? ಇಲ್ಲಿ ಮಲೆನಾಡಿನ ಹಸೆ ಚಿತ್ತಾರವನ್ನು ನೆನೆಯೋಣ. ಸಾಗರ ಸೀಮೆಯ ದೀವರ ಮನೆಗಳಲ್ಲಿ ಮದುವೆಯ ಸಮಯಕ್ಕೆ ಹೆಂಗಸರು ಗೋಡೆಯ ಮೇಲೆ ಈ ಚಿತ್ತಾರವನ್ನು ಬರೆಯುತ್ತಾರೆ. ಕೆಮ್ಮಣ್ಣಿನಿಂದ ಗೋಡೆಗೆ ಕೆಂಪು, ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಹುರಿದು ಕರಿಯಾದ ಅಕ್ಕಿಯಿಂದ ಕಪ್ಪು, ಗುರಿಗೆಕಾಯಿಯಿಂದ ಹಳದಿ. ಪುಂಡಿಯ ನಾರೇ ಕುಂಚ. ಆ ಹೆಂಗಸರು ತಮ್ಮನ್ನು ಕಲಾವಿದರೆಂದುಕೊಂಡವರಲ್ಲ. ಗದ್ದೆಯಲ್ಲಿ ನಾಟಿ ಮಾಡುವ ಕೈಯೇ ಗೋಡೆಯ ಮೇಲೆ ಎಳೆ ಎಳೆಯುವುದು. ಚಿತ್ತಾರದಡಿಯಲ್ಲಿ ಅವರು ಹೆಸರು ಬರೆಯುವುದಿಲ್ಲ. ಅದರಿಂದ ಹಸಿವು ಹಿಂಗದು, ನಿಜ. ಆದರೆ ಹಸೆಯ ಮೇಲೆ ಕುಳಿತ ಮದುಮಕ್ಕಳಿಗೆ ಅದು ಇಡೀ ಕೇರಿಯ ಹರಕೆಯಾಗುತ್ತದೆ. ಚಿತ್ರವು ಎಷ್ಟು ಬೆಲೆಬಾಳುತ್ತದೆಂಬುದು ಕಾಯಕದ ಅಳತೆಯಲ್ಲ. ಅದು ಯಾರನ್ನು ಮುಟ್ಟುತ್ತದೆಂಬುದೇ ಅಳತೆ.

ರೂಪವನ್ನು ಕಂಡರೆ ವಿರಕ್ತರು ಹೆದರುವರೆಂಬ ಮಾತುಂಟು. ಷಟ್‌ಸ್ಥಲ ಸಿದ್ಧಾಂತವನ್ನು ಬಲ್ಲವರು ಹಾಗೆ ಹೇಳಲಾರರು. ಅಲ್ಲಿ ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗದ ನೆಲೆಯಿದೆ: ಮೂಗಿಗೆ ಆಚಾರಲಿಂಗ, ನಾಲಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ತ್ವಚೆಗೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಕಣ್ಣು ಕಂಡ ರೂಪವನ್ನು ಶಿವಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸಬೇಕೆಂಬುದು ಅಲ್ಲಿನ ಆಶಯ. ರೂಪವನ್ನು ಕಾಣಬೇಡವೆಂದು ಅದು ಹೇಳುವುದಿಲ್ಲ; ಅರ್ಪಿಸದೆ ಕಾಣಬೇಡವೆನ್ನುತ್ತದೆ. ದೋಷವಿರುವುದು ಬಣ್ಣದಲ್ಲಲ್ಲ, ಅನರ್ಪಿತದಲ್ಲಿ. ಮಾಸ್ತರರ ಸಂತೋಷಕ್ಕೂ ಇದೇ ಪ್ರಶ್ನೆಯನ್ನು ಹಾಕಬೇಕು. ಅದು ಯಾರಿಗೆ ಅರ್ಪಿತವಾಗಿದೆ?

ಇಲ್ಲಿಗೆ ನಾವು ಅಧಿಕಾರದ ಪ್ರಶ್ನೆಗೆ ಬಂದೆವು. ತಾನು ಇನ್ನೊಬ್ಬನಿಂದ ಕಸಿದುಕೊಂಡ ಸಂತೋಷವನ್ನು ತಾನು ಅನುಭವಿಸಬಹುದೆ? ಅನುಭವಿಸಬಾರದೆಂದರೆ ಅದು ನ್ಯಾಯವೆಂದು ತೋರುವುದು. ಆದರೆ ಅವರು ಕುಂಚವನ್ನು ಬಿಸಾಡಿದರೆ ಆ ಹುಡುಗನಿಗೆ ದೊರೆಯುವುದೇನು? ಹರಿದ ಹಾಳೆ ಕೂಡುವುದಿಲ್ಲ. ಜಗತ್ತಿನಲ್ಲಿ ಒಂದು ಕುಂಚ ಕಡಿಮೆಯಾಗುತ್ತದೆ, ಅಷ್ಟೆ. ತನ್ನನ್ನು ದಂಡಿಸಿಕೊಳ್ಳುವುದು ಎಷ್ಟೋ ವೇಳೆ ತಪ್ಪಿನಿಂದ ಅಗ್ಗವಾಗಿ ಬಿಡುಗಡೆ ಪಡೆಯುವ ದಾರಿಯಾಗಿರುತ್ತದೆ. ಹಾಗೆಂದು ಆದದ್ದಾಯಿತೆಂದು ಮರೆಯುವುದೂ ಸಲ್ಲದು. ದಂಡನೆಯೂ ಅಲ್ಲದ ಮರೆವೂ ಅಲ್ಲದ ಮೂರನೆಯ ದಾರಿಯೊಂದು ಬೇಕು.

ಆ ದಾರಿಯನ್ನು ತೋರುವಂಥ ಒಂದು ಪ್ರಸಂಗ ರವೀಂದ್ರನಾಥ ಠಾಕೂರರ ಬದುಕಿನಲ್ಲಿದೆ. ಬಾಲಕರಾಗಿದ್ದಾಗ ಅವರಿಗೆ ಮನೆಯಲ್ಲಿ ಚಿತ್ರ ಕಲಿಸುವ ಮಾಸ್ತರರಿದ್ದರು. ಯೌವನದಲ್ಲಿ ಚಿತ್ರದ ವಹಿಯನ್ನು ಹಿಡಿದು ಮಧ್ಯಾಹ್ನಗಳನ್ನು ಕಳೆದುದುಂಟು. ಆದರೆ ಚಿತ್ರವು ಅವರಿಗೆ ಒಲಿಯಲಿಲ್ಲ. 1900ರಲ್ಲಿ ಜಗದೀಶಚಂದ್ರ ಬೋಸರಿಗೆ ಬರೆದ ಪತ್ರದಲ್ಲಿ ತಾವು ಸೀಸದ ಕಡ್ಡಿಗಿಂತ ರಬ್ಬರನ್ನೇ ಹೆಚ್ಚಾಗಿ ಬಳಸುತ್ತಿರುವುದಾಗಿ ವಿನೋದ ಮಾಡಿದ್ದಾರೆ. ಮುಂದೆ ಕವಿತೆಯೇ ಅವರ ಬದುಕಾಯಿತು. 1913ರಲ್ಲಿ ನೊಬೆಲ್ ಪಾರಿತೋಷಕವೂ ಬಂತು. 1924ರಲ್ಲಿ, ಅರವತ್ತಮೂರನೆಯ ವಯಸ್ಸಿನಲ್ಲಿ, 'ಪೂರಬಿ' ಸಂಕಲನದ ಕವಿತೆಗಳನ್ನು ಬರೆಯುತ್ತಿದ್ದಾಗ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳು ಅವರ ಕಣ್ಣನ್ನು ಚುಚ್ಚತೊಡಗಿದವು. ಒಂದು ಕಾಟನ್ನು ಇನ್ನೊಂದು ಕಾಟಿಗೆ ಗೆರೆಯಿಂದ ಜೋಡಿಸಿದರು. ಜೋಡಿಸುತ್ತ ಹೋದಂತೆ ಹಕ್ಕಿಯಂಥ, ಮೃಗದಂಥ, ಮುಖದಂಥ ಆಕೃತಿಗಳು ಎದ್ದವು. ಬಾಲ್ಯದಲ್ಲಿ ಒಲಿಯದ ಚಿತ್ರವು ಕಾಟುಗಳ ದಾರಿಯಿಂದ ಬಂತು. 1930ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಮೊದಲ ಪ್ರದರ್ಶನ ನಡೆಯಿತು. ಮುಂದಿನ ಹನ್ನೊಂದು ವರ್ಷಗಳಲ್ಲಿಯೂ ಕುಂಚ ನಿಲ್ಲಲಿಲ್ಲ. ಅವರು ಬಿಟ್ಟುಹೋದ ಚಿತ್ರಗಳ ಸಂಖ್ಯೆ ಎರಡು ಸಾವಿರವನ್ನು ಮೀರಿದೆ.

ಹಸ್ತಪ್ರತಿಯಲ್ಲಿನ ಕಾಟು ಎಂದರೆ ತಪ್ಪಿನ ಗುರುತು. ಅದನ್ನು ಅಳಿಸಿ ಹಾಕಬಹುದಿತ್ತು. ಹಾಳೆಯನ್ನೇ ಹರಿದು ಹೊಸದಾಗಿ ಬರೆಯಬಹುದಿತ್ತು. ಕವಿಯು ಎರಡನ್ನೂ ಮಾಡಲಿಲ್ಲ. ಕಾಟನ್ನು ಇದ್ದಲ್ಲಿಯೇ ಇರಗೊಟ್ಟು, ಅದರಿಂದ ಗೆರೆಯೊಂದನ್ನು ಮುಂದಕ್ಕೆ ಎಳೆದರು. ನಮ್ಮ ತಪ್ಪುಗಳ ವಿಷಯದಲ್ಲಿಯೂ ಮಾಡಬಹುದಾದುದು ಇದೊಂದೇ ಎಂದು ನಮಗೆ ತೋರುತ್ತದೆ. ಅಳಿಸಲು ಬಾರದು, ಮುಚ್ಚಲು ಬಾರದು. ಅಲ್ಲಿಂದ ಗೆರೆ ಎಳೆಯಲು ಬರುತ್ತದೆ.

ಮಾಸ್ತರರಿಗೆ ನಾವು ಹೇಳಿದುದು ಇಷ್ಟು: "ಕುಂಚವನ್ನು ಬಿಡಬೇಡಿರಿ. ಆದರೆ ಆ ಹುಡುಗನನ್ನು ಹುಡುಕಿರಿ." ಅವರು ಹುಡುಕಿದರು. ಎರಡು ತಿಂಗಳ ಮೇಲೆ ದೂರವಾಣಿಯ ಸಂಖ್ಯೆ ಸಿಕ್ಕಿತು. ಆ ಹುಡುಗನಿಗೆ ಈಗ ವಯಸ್ಸು ನಲವತ್ತನ್ನು ಮೀರಿದೆ. ಪರಊರಿನಲ್ಲಿ ಕಟ್ಟಡಗಳಿಗೆ ನೆಲಹಾಸಿನ ಕಲ್ಲು ಕೂಡಿಸುವ ಕೆಲಸ. ಮಾಸ್ತರರು ಅಂದಿನ ಘಟನೆಯನ್ನು ಹೇಳಿ ಕ್ಷಮೆ ಬೇಡಿದರು. ಆತ, "ನನಗ ಏನೂ ನೆನಪಿಲ್ರಿ ಸರ್" ಎಂದನಂತೆ. ಇವರ ಆರೋಗ್ಯವನ್ನು ವಿಚಾರಿಸಿದನಂತೆ. ಆತ ನಿಜವಾಗಿ ಮರೆತಿದ್ದನೋ, ಗುರುವಿನ ಮೇಲಿನ ಗೌರವದಿಂದ ಮರೆತೆನೆಂದನೋ, ಯಾರು ಬಲ್ಲರು? ಮಾಸ್ತರರು ಮತ್ತೆ ಶ್ರೀಮಠಕ್ಕೆ ಬಂದಾಗ ಮೊದಲಿಗಿಂತ ಹೆಚ್ಚು ಕುಗ್ಗಿದ್ದರು. ಬೈದಿದ್ದರೆ ತಲೆಬಾಗಿಸಬಹುದಿತ್ತು, ಕ್ಷಮಿಸಿದ್ದರೆ ಹಗುರಾಗಬಹುದಿತ್ತು. ಸಾಲ ಕೊಟ್ಟವನೇ ಸಾಲವನ್ನು ಅರಿಯೆನೆಂದರೆ ತೀರಿಸುವುದು ಯಾರಿಗೆ?

ಈ ಪ್ರಶ್ನೆಯಲ್ಲಿಯೇ ಉತ್ತರವಿದೆಯೆಂದು ನಮಗೆ ಹೊಳೆಯಿತು. ಬದುಕಿನ ದೊಡ್ಡ ಋಣಗಳಾವುವೂ ಕೊಟ್ಟವರಿಗೆ ತಿರುಗಿ ಸಲ್ಲುವುದಿಲ್ಲ. ತಾಯಿಯ ಋಣವನ್ನು ನಾವು ತೀರಿಸುವುದು ಮಕ್ಕಳಿಗೆ. ಗುರುವಿನ ಋಣವನ್ನು ತೀರಿಸುವುದು ಶಿಷ್ಯನಿಗೆ. ಪ್ರಸಾದನಿಲಯದಲ್ಲಿ ಉಂಡು ಓದಿದವರು ಆ ಅನ್ನವನ್ನು ಕೊಟ್ಟ ಭಕ್ತರ ಹೆಸರನ್ನೂ ಅರಿಯರು. ಮುಂದೆ ಬರುವ ಹುಡುಗರಿಗೆ ಚೀಲ ಜೋಳ ಕಳಿಸಿ ಋಣಮುಕ್ತರಾಗುತ್ತಾರೆ. ಒಳಿತಿನ ಋಣ ಹೀಗೆ ಮುಂದಕ್ಕೆ ಸಲ್ಲುವುದಾದರೆ ಕೆಡುಕಿನ ಋಣವೂ ಮುಂದಕ್ಕೇ ಸಲ್ಲಬೇಕು. ಒಬ್ಬ ಹುಡುಗನಿಂದ ಕಸಿದುಕೊಂಡುದನ್ನು ಇನ್ನೊಬ್ಬ ಹುಡುಗನಿಗೆ ಕೊಡಬೇಕು. ಕೊಡುವುದಕ್ಕೆ ಮೊದಲು ತನ್ನ ಕೈಯಲ್ಲಿ ಅದು ಇರಬೇಕು. ಆದುದರಿಂದ ಮಾಸ್ತರರ ಸಂತೋಷವು ಅವರ ಅಧಿಕಾರವೂ ಅಲ್ಲ, ಅಪರಾಧವೂ ಅಲ್ಲ; ಅದು ಅವರ ಕೈಯಲ್ಲಿರುವ ಠೇವಣಿ.

ಈಗ ಭಾನುವಾರಗಳಂದು ಅವರು ಪ್ರಸಾದನಿಲಯಕ್ಕೆ ಬರುತ್ತಾರೆ. ಚಿತ್ರವನ್ನು ಕಲಿಸುವುದಿಲ್ಲ, ಕಲಿಸಲು ತಮಗೆ ಬಾರದೆಂದು ಅವರೇ ಹೇಳುತ್ತಾರೆ. ಹುಡುಗರ ನಡುವೆ ಚಾಪೆಯ ಮೇಲೆ ಕುಳಿತು ತಾವೂ ಬರೆಯುತ್ತಾರೆ. ಬಣ್ಣದ ಬಿಲ್ಲೆಗಳನ್ನೂ ಕಾಗದವನ್ನೂ ನಿವೃತ್ತಿವೇತನದಿಂದ ತರುತ್ತಾರೆ. ಬರೆಯಲೊಲ್ಲದ ಹುಡುಗರು ಚೆಂಡಾಡಲು ಹೋಗುತ್ತಾರೆ. ಅದಕ್ಕೂ ಅವರ ಅಡ್ಡಿಯಿಲ್ಲ. ಅಂಕಗಣಿತ ತಿಳಿಯದ ಹುಡುಗ ಬಂದರೆ ಅದನ್ನೂ ಅದೇ ಕಾಗದದ ಹಿಂಬದಿಯಲ್ಲಿ ಹೇಳಿಕೊಡುತ್ತಾರೆ. ಚಿತ್ರ ಬರೆಯುವವನಿಗೆ ಲೆಕ್ಕ ಬೇಡವೆಂದು ಯಾರೂ ತಿಳಿಯಬಾರದು. ಶಿಸ್ತೂ ಬೇಕು, ಓದೂ ಬೇಕು. ಬೇಡವಾದುದು ಒಂದೇ: ಒಂದನ್ನು ಕಲಿಸುವ ಭರದಲ್ಲಿ ಇನ್ನೊಂದನ್ನು ಅವಮಾನಿಸುವುದು. ಹುಡುಗನ ವಹಿಯನ್ನು ಮುಚ್ಚಿಸಬಹುದು, ಹರಿಯಬಾರದು.

ಮಾಸ್ತರರಿಗೆ ಕೂಡಲೇ ಉತ್ತರಿಸುವ ಧೈರ್ಯ ನಮಗೇಕೆ ಇರಲಿಲ್ಲವೆಂಬುದನ್ನು ಇನ್ನು ಹೇಳಬೇಕು. ನಾವು ಪೀಠಕ್ಕೆ ಬಂದ ಹೊಸತರಲ್ಲಿ, ಜಾತ್ರೆಗೆ ಮುಂಚೆ ಪ್ರಸಾದನಿಲಯವನ್ನು ನೋಡಲು ಹೋಗಿದ್ದೆವು. ಅಡುಗೆಮನೆಯ ಹಿಂದಿನ ಗೋಡೆಯ ಮೇಲೆ ಯಾವನೋ ಹುಡುಗ ಇದ್ದಲಿನಿಂದ ತೇರನ್ನು ಬರೆದಿದ್ದ. ತೇರಿನ ಮುಂದೆ ಜನ. ಎಲ್ಲರ ಕೈಗಳೂ ಮೇಲಕ್ಕೆತ್ತಿದ್ದವು. ಅದನ್ನು ಒಂದು ಗಳಿಗೆ ನೋಡಿದೆವು. ಚೆನ್ನಾಗಿದೆಯೆಂದು ಮನಸ್ಸಿಗೆ ತೋರಿತು. ಆದರೆ ಬಾಯಿಂದ ಬಂದ ಮಾತು, "ಜಾತ್ರೆಯೊಳಗೆ ಇದಕ್ಕೆ ಸುಣ್ಣ ಬಳಿಸಿರಿ." ಬರೆದ ಹುಡುಗ ಯಾರೆಂದು ಕೇಳಲೂ ಇಲ್ಲ. ಅಲ್ಲಿ ನಿಂತಿದ್ದ ಹುಡುಗರಲ್ಲಿ ಅವನೂ ಒಬ್ಬನಿದ್ದಿರಬಹುದು. ಈ ಪತ್ರಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿಯೂ ಅವನು ಒಬ್ಬನಿರಬಹುದು. ಇದ್ದರೆ, ಆ ತೇರು ನಮಗೆ ಇನ್ನೂ ನೆನಪಿದೆಯೆಂಬುದನ್ನು ಅವನು ತಿಳಿಯಲಿ.

ಈ ವರ್ಷ ಜಾತ್ರೆಗೆ ಸುಣ್ಣ ಬಳಿಯುವಾಗ ಆ ಗೋಡೆಯನ್ನು ಹುಡುಗರ ಕೈ ಎಟಕುವಷ್ಟು ಎತ್ತರದವರೆಗೆ ಬಿಡಬೇಕೆಂದು ಹೇಳಿದ್ದೇವೆ. ಅಲ್ಲಿ ಈಗ ಒಂದು ಬಾವಿ, ಎರಡು ನವಿಲು, ಒಂದು ಟ್ರ್ಯಾಕ್ಟರ್, ಮತ್ತು ಕೊಂಬುಗಳು ಮಾತ್ರ ಕೆಂಪಾಗಿರುವ ಒಂದು ಜೋಡೆತ್ತು ಇವೆ. ಜೋಡೆತ್ತನ್ನು ಬರೆದವರು ಯಾರೆಂದು ನಾವು ಕೇಳಿಲ್ಲ. ಅದರ ರೇಖೆಗಳು ಅಲ್ಲಲ್ಲಿ ನಡುಗಿವೆ.

ಸದ್ಭಕ್ತರಾದ ವಾಚಕರೆ, ನಿಮ್ಮಲ್ಲಿ ಯಾರಿಗಾದರೂ ಬಿಟ್ಟ ಒಲವೊಂದು ಮರಳಿ ಬಂದರೆ, ಅದು ಚಿತ್ರವಿರಲಿ, ಹಾಡಿರಲಿ, ಮಣ್ಣಿನಲ್ಲಿ ಎತ್ತು ಮಾಡುವ ಕೈಚಳಕವಿರಲಿ, ನಾಚಬೇಡಿರಿ. ಆದರೆ ಕೋಣೆಯ ಬಾಗಿಲನ್ನು ಹಾಕಿಕೊಂಡು ಒಬ್ಬರೇ ಅದನ್ನು ಅನುಭವಿಸಬೇಡಿರಿ. ನಿಮ್ಮ ಮನೆಯಲ್ಲಿ, ನಿಮ್ಮ ಕೇರಿಯಲ್ಲಿ ಈಗಲೇ ಆ ಒಲವನ್ನು ಬಿಡುವ ಹಂತಕ್ಕೆ ಬಂದಿರುವ ಮಗುವೊಂದು ಇದ್ದೇ ಇರುತ್ತದೆ. ನಿಮ್ಮ ಕೈಗೆ ಮರಳಿ ಬಂದುದು ಬಹುಶಃ ಆ ಮಗುವಿನ ಪಾಲು.